ಅಪ್ಪ ಅಮ್ಮನ ಜೊತೆ ನ್ಯೂ ಕ್ಯಾಲೆಡೋನಿಯಾದಲ್ಲಿ ಎಂಟು ದಿನ: ನೂಮೆಯಾ ಸಾಕಾ, ದ್ವೀಪಗಳಿಗೂ ಹೋಗಬೇಕಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವು ಸಿಡ್ನಿಯಲ್ಲಿದ್ದೇವೆ. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದು ಎರಡು ತಿಂಗಳಾಯಿತು. ಸೆಪ್ಟೆಂಬರ್ ಕೊನೆಗೆ ಮಕ್ಕಳಿಗೆ ಶಾಲೆ ರಜೆ. ಎಂಟು ದಿನ ನ್ಯೂ ಕ್ಯಾಲೆಡೋನಿಯಾಗೆ ಹೋಗೋಣ ಅಂತ ಯೋಚನೆ, ಪೆಸಿಫಿಕ್ ಸಾಗರದಲ್ಲಿ ಫ್ರಾನ್ಸಿಗೆ ಸೇರಿದ ದ್ವೀಪಗಳು. ಇಲ್ಲಿಂದ ವಿಮಾನದಲ್ಲಿ ಮೂರೇ ಗಂಟೆ.

ಅಪ್ಪ ಭೂಗೋಳದ ಮೇಷ್ಟ್ರಾಗಿದ್ದವರು. ಮಗಳ ಅಟ್ಲಾಸ್ ತೆರೆದಿಟ್ಟುಕೊಂಡು "ಫ್ರಾನ್ಸ್ ಎಲ್ಲಿ, ಈ ದ್ವೀಪ ಎಲ್ಲಿ, ಅವರ ಕೈಗೆ ಹೇಗೆ ಬಂತು?" ಅಂತ ಕೇಳುತ್ತಲೇ ಇದ್ದಾರೆ. ನನಗೆ ಉತ್ತರ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಉಳಿದ ಪ್ರಶ್ನೆಗಳು: ಕ್ರೂಸ್ ಒಳ್ಳೇದಾ, ವಿಮಾನವಾ? 2024ರ ಗಲಾಟೆ ಆದ ಮೇಲೆ ಪರಿಸ್ಥಿತಿ ಹೇಗಿದೆ? ಅಪ್ಪ ಮೊಟ್ಟೆ ಕೂಡ ಮುಟ್ಟಲ್ಲ, ಊಟಕ್ಕೆ ಏನು ಮಾಡೋದು? ಅವರಿಗೆ 71, ಮಂಡಿನೋವು ಇದೆ, ನಿಧಾನಕ್ಕೆ ನಡೆಯುತ್ತಾರೆ.

ಕಡಲಕೊಕ್ಕರೆ
ಕಣ್ಣು ಮುಚ್ಚಿ ಹೋಗಿ. ಆ ನೀರಿನ ಬಣ್ಣ ಬೇರೆಲ್ಲೂ ನೋಡಿಲ್ಲ.

ಮೈಸೂರು_ಮಲ್ಲಿಗೆ
ವಯಸ್ಸಾದವರು ಇದ್ದರೆ ಕ್ರೂಸ್ ವಾಸಿ. ಪೆಟ್ಟಿಗೆ ಬಿಚ್ಚೋದು ಕಟ್ಟೋದು ಇಲ್ಲ. ಮೊದಲೇ ಹೇಳಿದರೆ ಸಸ್ಯಾಹಾರ ಮಾಡಿಕೊಡುತ್ತಾರೆ. ಸಿಡ್ನಿಯಿಂದ ಹೊರಟರೆ ರಾಜಧಾನಿ ನೂಮೆಯಾ, ಲಿಫು ದ್ವೀಪ, ಐಲ್ ಆಫ್ ಪೈನ್ಸ್ ದ್ವೀಪ ಮೂರೂ ಆಗುತ್ತೆ. ನಮ್ಮ ಅತ್ತೆ ಮಾವ ಖುಷಿಯಾಗಿ ಬಂದರು.

ಹವಳದದಿಬ್ಬ
ಮಲ್ಲಿಗೆ ಅಕ್ಕ, ನಿಮ್ಮ ಮಾತು ಒಪ್ಪಲ್ಲ. ನಾನು ಎರಡೂ ಥರ ಹೋಗಿದ್ದೇನೆ. ಹಡಗು ಲಿಫುವಿನ ಎಅಸೋ ಹತ್ತಿರ ದೂರದಲ್ಲಿ ನಿಲ್ಲುತ್ತೆ. ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಸಾವಿರಾರು ಜನ ಒಂದೇ ಕೊಲ್ಲಿಗೆ ಇಳಿಯುತ್ತಾರೆ. ದಡದ ಗುಡ್ಡದ ಮೇಲಿನ ಚಿಕ್ಕ ಚರ್ಚು ನೋಡಿ, ಒಂದು ಎಳನೀರು ಕುಡಿದು, ಮಧ್ಯಾಹ್ನ ವಾಪಸ್. ಅಷ್ಟಕ್ಕೇ "ಲಿಫು ನೋಡಿದೆ" ಅಂದುಕೊಂಡಿದ್ದೆ. ಎರಡನೇ ಸಲ ಅಲ್ಲಿ ಮೂರು ರಾತ್ರಿ ಉಳಿದಾಗ ಗೊತ್ತಾಯಿತು, ಮೊದಲ ಸಲ ಏನೂ ನೋಡಿರಲಿಲ್ಲ.

ಮೈಸೂರು_ಮಲ್ಲಿಗೆ
71ರ ವಯಸ್ಸಿನವರನ್ನು ಹಳ್ಳಿ ಗುಡಿಸಲಲ್ಲಿ ಮಲಗಿಸೋಕೆ ಹೇಳ್ತೀರಾ? ರಾತ್ರಿ ಎದ್ದು ಹೊರಗೆ ಹೋಗಬೇಕು ಅಂದರೆ ಏನು ಗತಿ?

ಹವಳದದಿಬ್ಬ
ಗುಡಿಸಲೇ ಆಗಬೇಕು ಅಂತಿಲ್ಲ. ಹೋಟೆಲ್ ಇವೆ, ಬಚ್ಚಲು ಅಡುಗೆಮನೆ ಎಲ್ಲ ಇರುವ ಬಾಡಿಗೆ ಮನೆಗಳೂ ಇವೆ. ಆದರೆ ಗುಡಿಸಲು ಅಂತ ತಳ್ಳಿಹಾಕಬೇಡಿ ಅಕ್ಕ. ಅದಕ್ಕೆ ಅಲ್ಲಿ 'ಕಾಸ್' ಅನ್ನುತ್ತಾರೆ. ದುಂಡಗಿನ ಮನೆ, ನಡುವೆ ಒಂದೇ ದಪ್ಪ ಕಂಬ, ಮೇಲೆ ಹುಲ್ಲಿನ ಮಾಡು. ಬಾಗಿಲು ಎಷ್ಟು ತಗ್ಗು ಅಂದರೆ ತಲೆ ಬಾಗಿಸದೆ ಒಳಗೆ ಹೋಗೋಕೆ ಆಗಲ್ಲ. ಒಳಗೆ ಚಾಪೆ, ನಡುವೆ ಬೆಂಕಿ. ಆ ಹೊಗೆಯಿಂದ ಹುಲ್ಲಿಗೆ ಹುಳ ಹಿಡಿಯಲ್ಲ. ನಮ್ಮ ಅಜ್ಜಿಮನೆಯ ಅಟ್ಟದ ವಾಸನೆಯೇ ಬಂತು ನನಗೆ.

ಪಾಸ್‌ಪೋರ್ಟ್_ಪುರಾಣ
ತುಂಗಾತೀರ ಸರ್, ಎಲ್ಲಕ್ಕಿಂತ ಮೊದಲು ವೀಸಾ. ನಿಮ್ಮದು ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಆಗಿದ್ದರೆ ಸಣ್ಣ ಪ್ರವಾಸಕ್ಕೆ ಏನೂ ಬೇಡ. ಅಪ್ಪ ಅಮ್ಮನದು ಭಾರತದ ಪಾಸ್‌ಪೋರ್ಟ್ ಅಲ್ವಾ? ನ್ಯೂ ಕ್ಯಾಲೆಡೋನಿಯಾ ಫ್ರಾನ್ಸಿನದೇ, ಆದರೆ ಶೆಂಗೆನ್ (ಒಂದೇ ವೀಸಾ ನಡೆಯುವ ಯುರೋಪ್ ದೇಶಗಳ ಗುಂಪು) ಒಳಗೆ ಬರಲ್ಲ. ಫ್ರೆಂಚ್ ಕಾನ್ಸುಲೇಟಿನಲ್ಲಿ ಈ ಊರಿನ ಹೆಸರು ಹೇಳಿಯೇ ಕೇಳಬೇಕು.

ನನ್ನ ಅಣ್ಣನ ಹತ್ತಿರ ಬೇರೆ ದೇಶ ಕೊಟ್ಟ ಶೆಂಗೆನ್ ವೀಸಾ ಇತ್ತು. ಟಿಕೆಟ್ ಮಾಡಿಕೊಟ್ಟ ಏಜೆಂಟ್ "ಸಾಕು ಹೋಗಿ" ಅಂದ. ಚೆಕ್ ಇನ್ ಕೌಂಟರಿನಲ್ಲಿ ಅಣ್ಣನನ್ನು ನಿಲ್ಲಿಸಿದರು. ಅತ್ತಿಗೆ, ಮಕ್ಕಳು ಹೋದರು. ಅವನು ಪೆಟ್ಟಿಗೆ ಎಳೆದುಕೊಂಡು ಮನೆಗೆ ಬಂದ.

ಇನ್ನೊಂದು. ಅಪ್ಪ ಅಮ್ಮನ ಆಸ್ಟ್ರೇಲಿಯಾ ವೀಸಾ ಒಂದೇ ಸಲ ಪ್ರವೇಶಕ್ಕೆ ಕೊಟ್ಟಿದ್ದಾಗಿದ್ದರೆ ಹೊರಗೆ ಹೋದ ಮೇಲೆ ಮತ್ತೆ ಸಿಡ್ನಿಗೆ ಬರೋಕೆ ಆಗಲ್ಲ. ಇದನ್ನು ಇವತ್ತೇ ನೋಡಿ.

ತುಂಗಾತೀರ
ತುಂಬಾ ಥ್ಯಾಂಕ್ಸ್. ಈಗಲೇ ತೆಗೆದು ನೋಡಿದೆ, ಹಲವು ಸಲ ಪ್ರವೇಶ ಅಂತಿದೆ. ಫ್ರೆಂಚ್ ವೀಸಾಕ್ಕೆ ಸೋಮವಾರ ಫೋನ್ ಮಾಡುತ್ತೇನೆ.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ಅಷ್ಟೆಲ್ಲ ತೊಂದರೆ ಯಾಕ್ರೀ? ಫಿಜಿಗೆ ಹೋಗಿ. ಗುಡಿ ಅದೆ, ರೊಟ್ಟಿ ಪಲ್ಯ ಸಿಗತದ, ಹಿಂದಿ ನಡೀತದ. ನ್ಯೂ ಕ್ಯಾಲೆಡೋನಿಯಾದಾಗ 2024ರಲ್ಲಿ ಅಂಗಡಿ ಸುಟ್ಟರು, ಏರ್‌ಪೋರ್ಟ್ ಮುಚ್ಚಿದರು. ಅಂಥಾ ಕಡೆ ವಯಸ್ಸಾದವರನ್ನ ಕರಕೊಂಡು ಹೋಗಬೇಕಾ?

ಇತಿಹಾಸದ_ಇಣುಕು
ಎಕ್ಸ್‌ಪ್ರೆಸ್ ಸರ್, ಗಲಾಟೆ ಆಗಿದ್ದು ನಿಜ. 2024ರ ಮೇ 13ಕ್ಕೆ ಶುರುವಾಯಿತು. ಜನ ಸತ್ತರು, ವಿಮಾನ ಸುಮಾರು ಒಂದು ತಿಂಗಳು ನಿಂತಿತ್ತು. ಹೋಗುವ ಮುಂಚೆ ಆಸ್ಟ್ರೇಲಿಯಾ ಸರ್ಕಾರದ ಪ್ರಯಾಣ ಸಲಹೆ ಓದಲೇಬೇಕು. ಆದರೆ ಯಾಕೆ ಆಯಿತು ಅಂತ ತಿಳಿಯದೆ "ಅಂಥಾ ಕಡೆ" ಅನ್ನಬೇಡಿ. ತುಂಗಾತೀರ ಅವರ ತಂದೆಯ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಹೆಸರು ಇಟ್ಟವನು ಕ್ಯಾಪ್ಟನ್ ಕುಕ್, 1774ರಲ್ಲಿ. ಕ್ಯಾಲೆಡೋನಿಯಾ ಅಂದರೆ ಸ್ಕಾಟ್ಲೆಂಡಿನ ಹಳೇ ಹೆಸರು. ಅಲ್ಲಿನ ಜನ ಸಾವಿರಾರು ವರ್ಷದಿಂದ ಅಲ್ಲೇ ಇದ್ದರು. ಅವರು ಕನಾಕರು. ಇವತ್ತಿಗೂ ಅವರಲ್ಲಿ 28 ಭಾಷೆ ಇವೆ. ಫ್ರಾನ್ಸ್ 1853ರಲ್ಲಿ ಈ ನೆಲವನ್ನು ತನ್ನದು ಅಂತ ಘೋಷಿಸಿತು. 1864ರಿಂದ ಕೈದಿಗಳನ್ನು ತಂದು ಬಿಟ್ಟಿತು. ನಮಗೆ ಅಂಡಮಾನ್ ಇದ್ದ ಹಾಗೆ ಅವರಿಗೆ ಇದು. 1871ರ ಪ್ಯಾರಿಸ್ ಕಮ್ಯೂನ್ ದಂಗೆಯವರನ್ನೂ, ಅದೇ ವರ್ಷ ಅಲ್ಜೀರಿಯಾದಲ್ಲಿ ಎದುರು ನಿಂತವರನ್ನೂ ಇಲ್ಲಿಗೇ ಸಾಗಿಸಿದರು. ಲೂಯಿಸ್ ಮಿಶೆಲ್ ಅನ್ನುವ ಶಿಕ್ಷಕಿ ಹಾಗೆ ಬಂದವಳು. ಅವಳು ಕನಾಕರ ಮಕ್ಕಳಿಗೆ ಪಾಠ ಹೇಳಿದಳು. ನಿಕ್ಕಲ್ ಅದಿರಿಗೆ ಗುಡ್ಡ ಅಗೆಯೋದೂ ಶುರುವಾಯಿತು. ಕನಾಕರ ಒಳ್ಳೇ ಜಮೀನೆಲ್ಲ ಹೋಯಿತು. ದನ ಬಿಟ್ಟು ಅವರ ಗೆಣಸಿನ (ಸಿಹಿಗೆಣಸಲ್ಲ, ಯಾಮ್ ಗಡ್ಡೆ) ತೋಟ ಮೇಯಿಸಿದರು.

1878ರಲ್ಲಿ ಅತಾಯಿ ಅನ್ನುವ ನಾಯಕ ಎದುರು ನಿಂತ. ಅವನನ್ನು ಕೊಂದು ತಲೆಯನ್ನು ಪ್ಯಾರಿಸ್‌ಗೆ ಒಯ್ದರು. ಅವನ ತಲೆಬುರುಡೆ ವಾಪಸ್ ಬಂದಿದ್ದು 2014ರಲ್ಲಿ. 136 ವರ್ಷ! 1931ರಲ್ಲಿ ಪ್ಯಾರಿಸ್‌ನ ವಸಾಹತು ಪ್ರದರ್ಶನದ ಹೊತ್ತಿಗೆ ಕನಾಕರನ್ನೇ ಕರೆದೊಯ್ದು ಪ್ರಾಣಿಗಳ ಹಾಗೆ ಜನರಿಗೆ ತೋರಿಸಿದರು.

ಸ್ವಾತಂತ್ರ್ಯ ಬೇಕಾ ಅಂತ 2018, 2020, 2021ರಲ್ಲಿ ಮೂರು ಸಲ ಮತ ಕೇಳಿದರು. ಮೊದಲ ಸಲ ಶೇ. 56.7 ಬೇಡ, ಎರಡನೇ ಸಲ ಶೇ. 53.3 ಬೇಡ. ಮೂರನೇದಕ್ಕೆ ಕೋವಿಡ್‌ನಲ್ಲಿ ಸತ್ತವರ ಸೂತಕ ಇದೆ, ಮುಂದೂಡಿ ಅಂತ ಕನಾಕ್ ನಾಯಕರು ಕೇಳಿದರು. ಮುಂದೂಡಲಿಲ್ಲ. ಅವರು ಬಹಿಷ್ಕರಿಸಿದರು. 2024ರಲ್ಲಿ ಪ್ರಾಂತೀಯ ಮತಪಟ್ಟಿಗೆ ಹೊರಗಿನಿಂದ ಬಂದವರನ್ನು ಹೆಚ್ಚು ಸೇರಿಸುವ ಕಾನೂನು ಪ್ಯಾರಿಸ್‌ನಲ್ಲಿ ಮುಂದೆ ಬಂದಾಗ ಸಿಟ್ಟು ಹೊರಗೆ ಬಂತು. 2019ರ ಜನಗಣತಿಯಲ್ಲಿ ಕನಾಕರು ಶೇ. 41. ತಮ್ಮ ಊರಿನಲ್ಲೇ ತಮ್ಮ ಮಾತಿಗೆ ತೂಕ ಹೋಗುತ್ತೆ ಅನ್ನೋ ಭಯ ಅವರದು.

ಹುಬ್ಬಳ್ಳಿ_ಎಕ್ಸ್‌ಪ್ರೆಸ್
ತಲೆಬುರುಡೆ ವಿಷಯ ಗೊತ್ತಿರಲಿಲ್ಲ. ಓದಿ ಬ್ಯಾಸರಾತು. ಆದರೂ ಅಂಗಡಿ ಸುಡೋದು ಸರಿ ಅಂತ ಒಪ್ಪಂಗಿಲ್ಲ. ಅಲ್ಲಿ ಕೆಲಸ ಕಳಕೊಂಡವರಲ್ಲಿ ಕನಾಕರೂ ಇದ್ದಾರಲ್ಲ?

ಇತಿಹಾಸದ_ಇಣುಕು
ಇದ್ದಾರೆ. ಅದನ್ನು ನಾನೂ ಸರಿ ಅನ್ನುತ್ತಿಲ್ಲ. ಈಗ ಪ್ರವಾಸಿಗರು ಕಡಿಮೆಯಾಗಿದ್ದರಿಂದ ಮೊದಲು ಪೆಟ್ಟು ಬಿದ್ದಿದ್ದೇ ಹಳ್ಳಿಯಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆ, ದೋಣಿ ನಡೆಸುವವರಿಗೆ. ಅದಕ್ಕೇ ಹೋಗಿ ಅನ್ನುತ್ತಿದ್ದೇನೆ.

ಅಡುಗೆಮನೆ_ಅಕ್ಕ
ಊಟದ ವಿಷಯ ನಾನು ಹೇಳುತ್ತೇನೆ. ಶುದ್ಧ ಸಸ್ಯಾಹಾರಿಗಳಿಗೆ ಕಷ್ಟ, ಆದರೆ ಉಪವಾಸ ಬೀಳಲ್ಲ. ಅಡುಗೆಮನೆ ಇರುವ ಕಡೆಯೇ ಉಳಿಯಿರಿ. ನೂಮೆಯಾ ದೊಡ್ಡ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ತರಕಾರಿ ಸಿಗುತ್ತೆ. ಸಾಂಬಾರ್ ಪುಡಿ ಪ್ಯಾಕೆಟ್ ಅಂಗಡಿಯದೇ ಇರಲಿ, ಏರ್‌ಪೋರ್ಟಿನಲ್ಲಿ ಬರೆದು ತೋರಿಸಿ. ಕರಿಬೇವು, ಹಸಿಮೆಣಸು, ವೀಳ್ಯದೆಲೆ ಇಂಥದ್ದೆಲ್ಲ ಒಯ್ಯಬೇಡಿ. ಹಸಿರು ಏನಿದ್ದರೂ ತೆಗೆದುಬಿಡುತ್ತಾರೆ.

ಬೆಳಿಗ್ಗೆ ಬೇಗ ಬಂದರಿನ ಪಕ್ಕದ ಮಾರುಕಟ್ಟೆಗೆ ಹೋಗಿ. ನೀಲಿ ಚಾವಣಿ, ಆರು ಮೂಲೆಯ ಕಟ್ಟಡಗಳು. ಸೋಮವಾರ ಇರಲ್ಲ. ಪಪಾಯ, ಬಾಳೆ, ಕೆಸುವಿನ ಗಡ್ಡೆ, ಗೆಣಸು ರಾಶಿ ರಾಶಿ. ಬೇಕರಿಯ ಉದ್ದ ಬ್ರೆಡ್ಡು ಅಪ್ಪಾಜಿಗೆ ಧೈರ್ಯವಾಗಿ ಕೊಡಿ, ಬರೀ ಹಿಟ್ಟು, ನೀರು, ಉಪ್ಪು, ಈಸ್ಟ್. ಉಳಿದ ಸಿಹಿಗಳಲ್ಲಿ ಮೊಟ್ಟೆ ಇದ್ದೇ ಇರುತ್ತೆ.

ಜೋಯಿಡಾ_ಗೆಣಸು
ಬುನ್ಯಾ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಗೆಣಸು, ಕೆಸುವಿನ ಗಡ್ಡೆ, ಬಾಳೆಕಾಯಿ ಹೆಚ್ಚಿ, ಕಾಯಿಹಾಲು ಸುರಿದು, ಬಾಳೆ ಎಲೆಯಲ್ಲಿ ಗಂಟು ಕಟ್ಟಿ, ನೆಲದ ಗುಂಡಿಯಲ್ಲಿ ಕಾದ ಕಲ್ಲಿನ ನಡುವೆ ಹೂತು ಬೇಯಿಸುತ್ತಾರೆ. ಸಾಮಾನ್ಯವಾಗಿ ಕೋಳಿ ಅಥವಾ ಮೀನು ಹಾಕುತ್ತಾರೆ. ಹಿಂದಿನ ದಿನವೇ "ಮಾಂಸ ಬೇಡ, ಮೀನು ಬೇಡ" ಅಂತ ಹೇಳಿದರೆ ಬೇರೆ ಗಂಟು ಕಟ್ಟಿಕೊಡುತ್ತಾರೆ. ಗಂಟು ಬಿಚ್ಚಿದಾಗ ಬರುವ ಘಮ ಕೊಟ್ಟೆ ಕಡುಬಿನದೇ. ಗೆಣಸು ಕಾಯಿಹಾಲು ಹೀರಿ ಮೆತ್ತಗೆ, ಅಂಚಿನಲ್ಲಿ ಮಾತ್ರ ಸ್ವಲ್ಪ ಕಂದು.

ಅವರಿಗೆ ಗೆಣಸು ಬರೀ ಊಟ ಅಲ್ಲ. ನೆಡುವುದು, ಕೀಳುವುದು, ಮೊದಲ ಗೆಣಸು ಹಿರಿಯರಿಗೆ ಒಪ್ಪಿಸುವುದು, ಇಡೀ ವರ್ಷದ ಲೆಕ್ಕವೇ ಅದರ ಮೇಲೆ. ಮದುವೆಗೂ ಗೆಣಸು, ಸಾವಿಗೂ ಗೆಣಸು. ನಮ್ಮ ಜೋಯಿಡಾದ ಗಡ್ಡೆಗೆಣಸು ಮೇಳದಲ್ಲಿ ಕುಣಬಿ ಜನ ತಾವು ಬೆಳೆದ ಗಡ್ಡೆಯನ್ನು ತೋರಿಸುವಾಗ ಮುಖದಲ್ಲಿ ಎಂಥ ಹೆಮ್ಮೆ ಇರುತ್ತೆ ನೋಡಿ. ಅದೇ ಹೆಮ್ಮೆ ಅಲ್ಲೂ ಕಂಡೆ.

ಕುಡ್ಲದ_ಮೀನು
ಮೀನು ತಿನ್ನುವವರಿಗೆ ಒಂದು ಮಾತು. ಹವಳದ ದಿಬ್ಬದ ದೊಡ್ಡ ಮೀನುಗಳಲ್ಲಿ ಕೆಲವು ಸಲ ವಿಷ ಇರುತ್ತೆ. ಅಲ್ಲಿ ಅದಕ್ಕೆ 'ಗ್ರಾತ್' ಅನ್ನುತ್ತಾರೆ. ಬೇಯಿಸಿದರೂ ಹೋಗಲ್ಲ. ಕೈಕಾಲು ಜುಮ್ಮೆನ್ನುತ್ತೆ, ತಣ್ಣೀರು ಮುಟ್ಟಿದರೆ ಸುಟ್ಟ ಹಾಗೆ ಆಗುತ್ತೆ. ಯಾವ ಜಾಗದ ಯಾವ ಮೀನು ಬೇಡ ಅಂತ ಊರಿನವರಿಗೆ ಗೊತ್ತು. ಅವರನ್ನು ಕೇಳದೆ ನೀವೇ ಗಾಳ ಹಾಕಿ ಹಿಡಿದದ್ದನ್ನು ತಿನ್ನಬೇಡಿ.

ಬಜೆಟ್_ಬಸಣ್ಣ
ದುಬಾರಿ ಜಾಗ. ಫ್ರಾಂಕ್ ಲೆಕ್ಕ ಸುಲಭ, ಯೂರೋಗೆ ಕಟ್ಟಿಟ್ಟಿದ್ದಾರೆ, ಒಂದು ಯೂರೋಗೆ 119.33. ನೂರು ಫ್ರಾಂಕ್ ಅಂದರೆ ಸುಮಾರು ಒಂದೂವರೆ ಆಸ್ಟ್ರೇಲಿಯನ್ ಡಾಲರ್. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಆದರೆ ಹಳ್ಳಿಗೆ ಹೋದರೆ ಬಟ್ಟೆ ಕೊಡಿ, ದುಡ್ಡು ಕೊಡಿ ಅನ್ನುತ್ತಾರಂತೆ. ಇದು ಪ್ರವಾಸಿಗರಿಂದ ವಸೂಲಿ ಅಲ್ವಾ?

ಹವಳದದಿಬ್ಬ
ಬಸಣ್ಣ, ವಸೂಲಿ ಅನ್ನಬೇಡಿ. ಅದು 'ಕೂತ್ಯೂಮ್'. ಅವರವರ ನಡುವೆಯೂ ಒಬ್ಬರ ನೆಲಕ್ಕೆ ಇನ್ನೊಬ್ಬರು ಹೋದಾಗ ಮಾಡುತ್ತಾರೆ. ನಾವು ಯಾರದೋ ಮನೆಗೆ ಬರಿಗೈಲಿ ಹೋಗುತ್ತೇವಾ? ಒಂದು ತುಂಡು ಬಣ್ಣದ ಬಟ್ಟೆ, ಅದಕ್ಕೆ 'ಮನೂ' ಅನ್ನುತ್ತಾರೆ. ಜೊತೆಗೆ 500 ಅಥವಾ 1000 ಫ್ರಾಂಕಿನ ಒಂದು ನೋಟು. ಅಷ್ಟೇ. ಬೆಲೆ ಮುಖ್ಯ ಅಲ್ಲ, ಮಾತು ಮುಖ್ಯ.

ಲಿಫುವಿನಲ್ಲಿ ನಾವು ಉಳಿದ ಮನೆಯ ಹಿರಿಯರ ಮುಂದೆ ನನ್ನ ಹೆಂಡತಿ ಬಟ್ಟೆ ಮಡಿಸಿ, ಮೇಲೆ ನೋಟಿಟ್ಟು, ಚಾಪೆ ಮೇಲೆ ಇಟ್ಟಳು. ಏನು ಮಾತಾಡಬೇಕು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಯಾರು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಹೇಳಿ, ನಿಮ್ಮ ಭಾಷೆಯೇ ಆಗಲಿ ಅಂತ ಮನೆಯವರು ಅಂದರು. ಅವಳು ಕನ್ನಡದಲ್ಲೇ ಹೇಳಿದಳು: "ನಾವು ತೀರ್ಥಹಳ್ಳಿ ಕಡೆಯವರು. ನಿಮ್ಮ ಊರು ನೋಡೋಕೆ ಬಂದಿದ್ದೇವೆ. ನಿಮ್ಮ ನೆಲದಲ್ಲಿ ಮೂರು ದಿನ ಇರುತ್ತೇವೆ, ಜಾಗ ಕೊಡಿ." ಅಷ್ಟು ಹೊತ್ತೂ ಆ ತಾತ ತಲೆ ತಗ್ಗಿಸಿ, ಕಣ್ಣು ನೆಲದ ಮೇಲಿಟ್ಟು ಕೇಳಿದರು. ಆಮೇಲೆ ಬಟ್ಟೆಯನ್ನು ಮೆಲ್ಲಗೆ ಕೈಗೆ ತೆಗೆದುಕೊಂಡು ಅವರ ದ್ರೆಹು ಭಾಷೆಯಲ್ಲಿ ತುಂಬಾ ಹೊತ್ತು ಮಾತಾಡಿದರು. ಕೊನೆಗೆ 'ಓಲೆತಿ' ಅಂದದ್ದು ಮಾತ್ರ ಗೊತ್ತಾಯಿತು, ಥ್ಯಾಂಕ್ಸ್ ಅಂತ. ಮರುದಿನದಿಂದ ದಾರಿಯಲ್ಲಿ ಸಿಕ್ಕವರೆಲ್ಲ ನಮ್ಮನ್ನು ನೋಡಿ ಕೈ ಎತ್ತುತ್ತಿದ್ದರು.

ಅಲ್ಲಿ ಕಡಲತೀರಕ್ಕೂ, ಗುಹೆಗೂ, ಕಾಡಿಗೂ ಒಂದೊಂದು ಮನೆತನದ ಹಕ್ಕಿದೆ. ಬೇಲಿ ಇಲ್ಲ ಅಂದರೆ ಯಾರದ್ದೂ ಅಲ್ಲ ಅಂತ ಅರ್ಥ ಅಲ್ಲ. ಕೇಳಿ ಇಳಿಯಿರಿ.

ಬಜೆಟ್_ಬಸಣ್ಣ
ಹಾಗಾದರೆ ಮಾತು ವಾಪಸ್ ತೆಗೆದುಕೊಂಡೆ. ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಲಾಲ್‌ಬಾಗ್_ವಾಕರ್
ವಿಷಯ ಸ್ವಲ್ಪ ಆಚೀಚೆ. ಐಲ್ ಆಫ್ ಪೈನ್ಸ್‌ಗೆ ಹೆಸರು ಕೊಟ್ಟ ಮರ ನಮ್ಮ ಲಾಲ್‌ಬಾಗಿನಲ್ಲೂ ಇದೆ. ಕಂಬದ ಹಾಗೆ ನೇರ, ಗಿಡ್ಡ ಕೊಂಬೆ. ಬೆಂಗಳೂರಿನ ಹಳೇ ಬಂಗಲೆಗಳ ಮುಂದೆ ನಾವು ಕ್ರಿಸ್‌ಮಸ್ ಮರ ಅನ್ನುತ್ತೇವಲ್ಲ, ಜಾಸ್ತಿ ಅದೇ ಅರಾಕೇರಿಯಾ. ಅದರ ತವರು ನ್ಯೂ ಕ್ಯಾಲೆಡೋನಿಯಾ. ಒಂದು ವಿಚಿತ್ರ ಇದೆ. ಈ ಮರ ಎಲ್ಲೇ ನೆಟ್ಟರೂ ಭೂಮಧ್ಯರೇಖೆಯ ಕಡೆಗೆ ವಾಲುತ್ತೆ ಅಂತ 2017ರಲ್ಲಿ ವಿಜ್ಞಾನಿಗಳು ಅಳೆದು ಹೇಳಿದರು. ನಮ್ಮಲ್ಲಿ ದಕ್ಷಿಣಕ್ಕೆ, ಅವರಲ್ಲಿ ಉತ್ತರಕ್ಕೆ. ಮೇಷ್ಟ್ರಿಗೆ ಇದನ್ನು ಖಂಡಿತ ಹೇಳಿ.

ತುಂಗಾತೀರ
ಹೇಳಿದೆ. ಅಪ್ಪ ದಿಕ್ಸೂಚಿ ಎಲ್ಲಿದೆ ಅಂತ ಹುಡುಕುತ್ತಿದ್ದಾರೆ.

ಗಲ್ಲಿ_ಕ್ರಿಕೆಟ್
ಅಲ್ಲಿ ಹೆಂಗಸರು ಕ್ರಿಕೆಟ್ ಆಡುತ್ತಾರೆ ಅಂತ ಯಾರಿಗಾದರೂ ಗೊತ್ತಾ? ಫ್ರೆಂಚರ ನೆಲದಲ್ಲಿ ಕ್ರಿಕೆಟ್! ಲಿಫು ಇರುವ ಲಾಯಲ್ಟಿ ದ್ವೀಪಗಳಿಗೆ ಲಂಡನ್ನಿನ ಪಾದ್ರಿಗಳು ಬಂದಿದ್ದರು, ಅವರು ಕಲಿಸಿದ್ದು. ಮಂಡಿ ಕೆಳಗೆ ಬರುವ ಸಡಿಲ ಹೂವಿನ ಅಂಗಿ ಹಾಕಿಕೊಂಡು, ಬರಿಗಾಲಲ್ಲಿ ಬೀಸುತ್ತಾರೆ. ಆ ಅಂಗಿಯೂ ಪಾದ್ರಿಗಳೇ ಮೈಮುಚ್ಚೋಕೆ ಅಂತ ತಂದದ್ದು. ಈಗ ಅವರು ಅದನ್ನು ತಮ್ಮದೇ ಹೆಮ್ಮೆಯ ಉಡುಗೆ ಮಾಡಿಕೊಂಡಿದ್ದಾರೆ. ವಾರಾಂತ್ಯ ನೂಮೆಯಾದಲ್ಲಿದ್ದರೆ ಎಲ್ಲಿ ಆಟ ಇದೆ ಅಂತ ವಿಚಾರಿಸಿ.

ಮೈಸೂರು_ಮಲ್ಲಿಗೆ
ಇದು ನನಗೆ ಹೊಸದು. ಹಡಗಿನವರು ಹೇಳಲೇ ಇಲ್ಲ.

ನೀರಾಮೆ
ಮಕ್ಕಳಿದ್ದಾರೆ ಅಂದಿರಲ್ಲ, ನೀರಿನ ಬಗ್ಗೆ. ಆ ಲಗೂನ್ ಅಂದರೆ ಹವಳದ ಗೋಡೆಯ ಒಳಗಿನ ತಿಳಿ ಕಡಲು. ಸುತ್ತಲಿನ ದಿಬ್ಬ ಸುಮಾರು 1,600 ಕಿ.ಮೀ. ಉದ್ದ. 2008ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹವಳದ ಮೇಲೆ ಕಾಲಿಡಬಾರದು ಅಂತ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟು ಹೋಗಿ.

ಕಟ್ಟುಹಾವಿನ ಹಾಗೆ ಪಟ್ಟೆ ಇರುವ ಕಡಲ ಹಾವು ದಡದಲ್ಲೂ ಕಾಣುತ್ತೆ. ವಿಷ ಜೋರು, ಆದರೆ ತೀರಾ ಸಾಧು. ಸುಮ್ನೆ ದಾರಿ ಬಿಡಿ. ಶಾರ್ಕ್ ವಿಷಯ ಮಾತ್ರ ಹಗುರ ಮಾಡಬೇಡಿ. 2023ರ ಫೆಬ್ರವರಿಯಲ್ಲಿ ನೂಮೆಯಾದ ತೀರದಲ್ಲೇ ಒಬ್ಬ ಪ್ರವಾಸಿ ತೀರಿಕೊಂಡರು. ಈಜಲು ಎಲ್ಲಿ ಬಿಡುತ್ತಾರೋ ಅಲ್ಲೇ ಇಳಿಯಿರಿ. ಸೆಪ್ಟೆಂಬರ್ ನೀರು ಸ್ವಲ್ಪ ತಣ್ಣಗಿರುತ್ತೆ. ತಿಮಿಂಗಿಲದ ಕಾಲ ಮುಗಿಯುತ್ತಾ ಬಂದಿರುತ್ತೆ, ಅದೃಷ್ಟ ಇದ್ದರೆ ದಕ್ಷಿಣದ ಕಡೆ ಕಾಣಬಹುದು.

ಹವಳದದಿಬ್ಬ
ಎಂಟು ದಿನಕ್ಕೆ ನನ್ನ ಲೆಕ್ಕ ಇದು. ನೂಮೆಯಾ ಮೂರು ದಿನ, ಐಲ್ ಆಫ್ ಪೈನ್ಸ್ ಎರಡು, ಲಿಫು ಮೂರು. ಎಲ್ಲ ದ್ವೀಪ ಮುಗಿಸೋಕೆ ಓಡಬೇಡಿ.

ನೂಮೆಯಾದಲ್ಲಿ ಚಿಬಾವೂ ಸಂಸ್ಕೃತಿ ಕೇಂದ್ರಕ್ಕೆ ಅರ್ಧ ದಿನ ಇಡಿ. 1998ರಲ್ಲಿ ತೆರೆದದ್ದು. ಕಟ್ಟಿದ ವಾಸ್ತುಶಿಲ್ಪಿ ಇಟಲಿಯ ರೆಂಜೊ ಪಿಯಾನೊ. ಕಾಸ್ ಮನೆಯನ್ನೇ ನೋಡಿ ಮಾಡಿದ ಹತ್ತು ಎತ್ತರದ ಮರದ ಚಿಪ್ಪುಗಳು. ಪಟ್ಟಿಗಳ ಸಂದಿನಿಂದ ಗಾಳಿ ನುಗ್ಗುತ್ತೆ. ಕೆಳಗೆ ಬೆಂಚಿನ ಮೇಲೆ ಕೂತರೆ ಅಡಿಕೆ ತೋಟದಲ್ಲಿ ಗಾಳಿ ಬೀಸಿದ ಹಾಗೆ ಸದ್ದು. ಅದರ ಹೆಸರು ಜಾನ್ ಮರೀ ಚಿಬಾವೂ ಅವರದು, ಕನಾಕರ ದೊಡ್ಡ ನಾಯಕ. ಫ್ರಾನ್ಸ್ ಜೊತೆ ರಾಜಿ ಮಾಡಿಕೊಂಡರು ಅಂತ ತಮ್ಮವನೇ ಒಬ್ಬ 1989ರಲ್ಲಿ ಉವೇಯಾ ದ್ವೀಪದಲ್ಲಿ ಅವರನ್ನು ಗುಂಡಿಟ್ಟು ಕೊಂದ. ಊರ ಹತ್ತಿರದ ಕಾಡಿನ ಉದ್ಯಾನದಲ್ಲಿ ಕಾಗೂ ಹಕ್ಕಿ ಇದೆ. ಬೂದುಬಣ್ಣ, ಹಾರೋಕೆ ಬರಲ್ಲ, ನಾಯಿ ಥರ ಬೊಗಳುತ್ತೆ. ಮಕ್ಕಳು ಅಲ್ಲಿಂದ ಕದಲಲ್ಲ.

ಐಲ್ ಆಫ್ ಪೈನ್ಸ್‌ನಲ್ಲಿ ಕುತೊ, ಕನುಮೆರಾ ಎರಡು ತೀರ ಬೆನ್ನಿಗೆ ಬೆನ್ನು. ಅಪ್ಪನಿಗೆ ಅಲ್ಲಿ ಮರದ ನೆರಳು ಸಾಕು. ಓರೊ ಸಹಜ ಕೊಳಕ್ಕೆ ಹಳ್ಳದ ನೀರಲ್ಲಿ, ಕಾಡಲ್ಲಿ ಸ್ವಲ್ಪ ನಡೆಯಬೇಕು. ಮಂಡಿನೋವಿಗೆ ಅದು ಕಷ್ಟ, ನೀವು ಮಕ್ಕಳ ಜೊತೆ ಹೋಗಿಬನ್ನಿ. ಪ್ರವೇಶಕ್ಕೆ ನಗದು ಇಟ್ಟುಕೊಳ್ಳಿ.

ಅಡುಗೆಮನೆ_ಅಕ್ಕ
ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚುತ್ತಾರೆ. ಶನಿವಾರವೇ ಸಾಮಾನು ತಂದಿಡಿ.

ತುಂಗಾತೀರ
ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಅಪ್ಪ ಅಮ್ಮನ ವೀಸಾಕ್ಕೆ ಅರ್ಜಿ ಹಾಕಿಯಾಯಿತು. ಕ್ರೂಸ್ ಬಿಟ್ಟು ವಿಮಾನ ಅಂತ ತೀರ್ಮಾನ. ವೀಸಾ ಕೈಗೆ ಬಂದ ಮೇಲೆಯೇ ಟಿಕೆಟ್. ಲಿಫುವಿನಲ್ಲಿ ಕಾಸ್ ಪಕ್ಕದಲ್ಲೇ ಬಚ್ಚಲು ಇರುವ ಮನೆ ಸಿಕ್ಕಿದೆ.

ಕೂತ್ಯೂಮ್ ವಿಷಯ ಓದಿ ಹೇಳಿದಾಗ ಅಮ್ಮ ಪೆಟ್ಟಿಗೆಯಿಂದ ಒಂದು ಇಳಕಲ್ ಖಣ ತೆಗೆದಿಟ್ಟರು, ಕೆಂಪು ಅಂಚಿನದು. ಜೊತೆಗೆ ಎಲೆ ಅಡಿಕೆ ಇಡದೆ ಹೇಗೆ ಕೊಡೋದು ಅಂತ ಕೇಳುತ್ತಿದ್ದಾರೆ. ಖಣ ನಡೆಯುತ್ತಾ? ಅಲ್ಲಿನ ಬಟ್ಟೆಯೇ ಆಗಬೇಕಾ?

ಹವಳದದಿಬ್ಬ
ಖಣ ಧಾರಾಳ ನಡೆಯುತ್ತೆ ಸರ್. ಬಟ್ಟೆ ಇಂಥದ್ದೇ ಅಂತಿಲ್ಲ, ನಿಮ್ಮ ಊರಿನದು ಅಂದರೆ ಅವರು ಇನ್ನೂ ಚೆನ್ನಾಗಿ ಬಿಡಿಸಿ ನೋಡುತ್ತಾರೆ. ಎಲೆ ಅಡಿಕೆ ಮಾತ್ರ ವಿಮಾನ ಹತ್ತಿಸಬೇಡಿ. ಅದರ ಜಾಗಕ್ಕೆ ನೋಟಿಡಿ. ಮಾತನ್ನು ಅಮ್ಮನೇ ಆಡಲಿ.

ಜೋಯಿಡಾ_ಗೆಣಸು
ಮತ್ತೆ ಬುನ್ಯಾ ಬೇಕು ಅಂತ ಹೋದ ದಿನವೇ ಹೇಳಿಬಿಡಿ. ಗುಂಡಿ, ಕಲ್ಲು, ಎಲೆ ಎಲ್ಲ ಹೊಂದಿಸೋಕೆ ಅವರಿಗೆ ಒಂದು ದಿನ ಬೇಕು.